ಪಿಕಲ್‌ಬಾಲ್ ಪ್ಯಾಡಲ್ ಆರಿಸುವ ಕ್ರಮ: ಮೊದಲು ಆಟ, ಆಮೇಲೆ ಕೈ, ಕಂಪನಿ ಹೆಸರು ಕೊನೆಗೆ

ಮುಂಬೈ, ಠಾಣೆ, ನವಿ ಮುಂಬೈ ಕಡೆಯ ನಮ್ಮವರಲ್ಲಿ ಪಿಕಲ್‌ಬಾಲ್ (ಪ್ಯಾಡಲ್ ಅನ್ನುವ ಚಪ್ಪಟೆ ಬ್ಯಾಟಿನಿಂದ ತೂತಿನ ಪ್ಲಾಸ್ಟಿಕ್ ಚೆಂಡನ್ನು ನೆಟ್ ದಾಟಿಸುವ ಆಟ) ಆಡುವವರು ಜಾಸ್ತಿ ಆದಂತೆಲ್ಲ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಯಾವ ಪ್ಯಾಡಲ್ ತಗೊಳ್ಳಲಿ? ಕೇಳುವವರಲ್ಲಿ ಅರ್ಧಕ್ಕರ್ಧ ಜನ ಆಗಲೇ ಒಂದನ್ನು ಕೊಂಡು, ಅದು ಸರಿಹೋಗದೆ, ಎರಡನೆಯದನ್ನು ಹುಡುಕುತ್ತಿರುವವರು.

ಎಡವುವುದು ಎರಡು ಕಡೆ. ಕೆಲವರು "ಸುಮ್ನೆ ಆಡಿ ನೋಡೋಣ" ಅಂತ ಎರಡು ಮರದ ಪ್ಯಾಡಲ್, ನಾಲ್ಕು ಚೆಂಡು ಇರುವ ಅಗ್ಗದ ಸೆಟ್ ಆನ್‌ಲೈನ್‌ನಲ್ಲಿ ತರಿಸುತ್ತಾರೆ. ತಿಂಗಳೊಳಗೆ ಅದು ಅಟ್ಟ ಸೇರುತ್ತದೆ. ಇನ್ನು ಕೆಲವರು ವಿಡಿಯೊ ನೋಡಿ, ದೊಡ್ಡ ಆಟಗಾರರ ಹೆಸರಿರುವ 20,000 ರೂಪಾಯಿಯ ಪ್ಯಾಡಲ್ ತರುತ್ತಾರೆ. ಚೆಂಡು ಮುಟ್ಟಿದರೆ ಸಾಕು, ಕೋರ್ಟಿನ ಕೊನೆಯ ಗೆರೆಯಾದ ಬೇಸ್‌ಲೈನ್ ದಾಟಿ ಹೋಗುತ್ತದೆ. ಎರಡೂ ಕಡೆ ಆಗಿರುವುದು ಒಂದೇ: ಮೊದಲು ಬೆಲೆ ಅಥವಾ ಕಂಪನಿ ನೋಡಿದ್ದಾರೆ, ಕೈಗೆ ಹೊಂದುತ್ತದಾ ಅನ್ನುವುದನ್ನು ಕೊನೆಗೆ. ನೋಡಬೇಕಾದದ್ದು ಇದರ ಉಲ್ಟಾ.

ಕೆಳಗಿನ ಹಂತಗಳನ್ನು ಹೇಳಿದ ಕ್ರಮದಲ್ಲೇ ಮಾಡಿ. ಮೊದಲ ಮೂರಕ್ಕೆ ಅಂಗಡಿಗೆ ಹೋಗುವ ಅಗತ್ಯವೇ ಇಲ್ಲ.

## ಮೊದಲು ಇವನ್ನು ಜೋಡಿಸಿಕೊಳ್ಳಿ

ಒಂದು ಸ್ಕೇಲು, ಅಡುಗೆಮನೆಯ ಡಿಜಿಟಲ್ ತೂಕದ ಯಂತ್ರ, ಒಂದು ಪ್ಯಾಕೆಟ್ ಓವರ್‌ಗ್ರಿಪ್ (ಹಿಡಿಯ ಮೇಲೆ ಸುತ್ತುವ ತೆಳು ಪಟ್ಟಿ), ಸ್ವಲ್ಪ ಪೇಂಟರ್ ಟೇಪು (ಅಂಟು ಉಳಿಸದೆ ಕಿತ್ತು ಬರುವಂಥದ್ದು), ಎರಡು ಹೊಸ ಚೆಂಡು. ಇಷ್ಟು ಸಾಕು.

ಹೊಸ ಚೆಂಡು ಯಾಕೆ ಅಂದರೆ, ಬಾಡಿಗೆ ಟರ್ಫ್‌ಗಳಲ್ಲಿ ಕೊಡುವ ಚೆಂಡು ಎಷ್ಟೋ ಸಲ ಮೆತ್ತಗಾಗಿರುತ್ತದೆ, ಇಲ್ಲವೇ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತದೆ. ಅಂಥ ಚೆಂಡಿನಲ್ಲಿ ಯಾವ ಪ್ಯಾಡಲ್ ಪರೀಕ್ಷಿಸಿದರೂ ಫಲಿತಾಂಶ ಸುಳ್ಳು. ಹೊರಾಂಗಣಕ್ಕೆ 40 ತೂತಿನ ಗಟ್ಟಿ ಚೆಂಡು, ಒಳಾಂಗಣಕ್ಕೆ 26 ತೂತಿನ ಮೆತ್ತನೆ ಚೆಂಡು. ನೀವು ಎಲ್ಲಿ ಆಡುತ್ತೀರೋ ಅದನ್ನೇ ತನ್ನಿ.

## ಹಂತ 1: ನಿಮ್ಮ ಆಟ ಎಲ್ಲಿದೆ ಅಂತ ಅಳೆಯಿರಿ

"ನಾನು ಇಂಟರ್‌ಮೀಡಿಯೆಟ್" ಅಂತ ಎಲ್ಲರೂ ಹೇಳುತ್ತಾರೆ. ಬ್ಯಾಡ್ಮಿಂಟನ್ ಆಡಿ ಬಂದವರಂತೂ ಮೊದಲ ದಿನವೇ ಹೇಳುತ್ತಾರೆ! ಡ್ಯೂಪರ್ (ಆಡಿದ ಪಂದ್ಯಗಳಿಂದ ಆಟದ ಮಟ್ಟ ಹೇಳುವ) ರೇಟಿಂಗ್ ಇದ್ದರೆ ಒಳ್ಳೆಯದು, ಅದು 2ರಿಂದ 8ರವರೆಗೆ ಹೋಗುತ್ತದೆ. ಇಲ್ಲದಿದ್ದರೆ ಈ ಮೂರು ಪರೀಕ್ಷೆ ಮಾಡಿ. ಪ್ಯಾಡಲ್ ಯಾರದ್ದಾದರೂ ಪರವಾಗಿಲ್ಲ.

ಮೊದಲನೆಯದು ಡಿಂಕ್. ನೀವು ಮತ್ತು ಜೊತೆಯವರು ನೆಟ್‌ನ ಎರಡೂ ಬದಿ ಕಿಚನ್ (ನೆಟ್ ಪಕ್ಕದ 7 ಅಡಿಯ ಜಾಗ) ಗೆರೆಯ ಹಿಂದೆ ನಿಂತು, ಚೆಂಡನ್ನು ಮೆಲ್ಲಗೆ ಎದುರಿನವರ ಕಿಚನ್‌ನೊಳಗೇ ಬೀಳಿಸುತ್ತಾ ಹೋಗಿ. ತಪ್ಪದೆ 10 ಹೊಡೆತ ಆಗುತ್ತದಾ ನೋಡಿ.

ಎರಡನೆಯದು ಡ್ರಾಪ್. ಬೇಸ್‌ಲೈನ್‌ನಲ್ಲಿ ನಿಂತು, ಜೊತೆಯವರು ಕೊಟ್ಟ 10 ಚೆಂಡಿನಲ್ಲಿ ಎಷ್ಟನ್ನು ಎದುರಿನ ಕಿಚನ್‌ನಲ್ಲಿ ಇಳಿಸುತ್ತೀರಿ ಅಂತ ಎಣಿಸಿ.

ಮೂರನೆಯದು ಬ್ಲಾಕ್. ಕೋರ್ಟಿನ ನಡುಭಾಗದಲ್ಲಿ ನಿಲ್ಲಿ. ಜೊತೆಯವರು ಜೋರಾಗಿ ಹೊಡೆದ ಚೆಂಡಿನ ವೇಗ ಸಾಯಿಸಿ ಎದುರಿನ ಕಿಚನ್‌ಗೆ ಹಾಕಬೇಕು. ಇದೂ 10 ಚೆಂಡು.

ನನ್ನ ಲೆಕ್ಕ ಹೀಗೆ. ಡ್ರಾಪ್ ಮತ್ತು ಬ್ಲಾಕ್‌ನಲ್ಲಿ 10ಕ್ಕೆ 4ಕ್ಕಿಂತ ಕಡಿಮೆ ಬಂದರೆ ನೀವು ಹೊಸಬರು. 4ರಿಂದ 7 ಬಂದರೆ ನಡುವಿನವರು. 8 ಅಥವಾ ಹೆಚ್ಚು ಬಂದರೆ ನಿಮಗೆ ಯಾವ ಪ್ಯಾಡಲ್ ಬೇಕು ಅಂತ ನಿಮಗೇ ಅರ್ಧ ಗೊತ್ತಿರುತ್ತದೆ. ಸ್ಮ್ಯಾಶ್ ಎಷ್ಟು ಜೋರು ಅನ್ನುವುದನ್ನು ಈ ಲೆಕ್ಕಕ್ಕೆ ತರಲೇಬೇಡಿ.

ಸೊಸೈಟಿಯ ಬ್ಯಾಡ್ಮಿಂಟನ್ ಕೋರ್ಟಿನಲ್ಲಿ ಆಡುವವರು ಒಂದು ವಿಷಯ ಗಮನಿಸಿ. ಎರಡೂ ಕೋರ್ಟಿನ ಹೊರಗಿನ ಅಳತೆ ಒಂದೇ, 44 ಅಡಿ ಉದ್ದ, 20 ಅಡಿ ಅಗಲ. ಆದರೆ ಬ್ಯಾಡ್ಮಿಂಟನ್‌ನ ಮುಂದಿನ ಸರ್ವಿಸ್ ಗೆರೆ ನೆಟ್‌ನಿಂದ ಆರೂವರೆ ಅಡಿಗೆ ಇರುತ್ತದೆ, ಪಿಕಲ್‌ಬಾಲ್ ಕಿಚನ್ ಗೆರೆ 7 ಅಡಿಗೆ. ಅರ್ಧ ಅಡಿ ಹಿಂದಕ್ಕೆ ಟೇಪು ಹಚ್ಚಿಕೊಳ್ಳಿ. ನೆಟ್ ಬದಿಗಳಲ್ಲಿ 36 ಇಂಚು, ನಡುವೆ 34 ಇಂಚು ಇರಬೇಕು. ಬ್ಯಾಡ್ಮಿಂಟನ್ ನೆಟ್ಟನ್ನು ಅಂದಾಜಿನಲ್ಲಿ ಇಳಿಸಿ ಕಟ್ಟಿದರೆ ಪರೀಕ್ಷೆಗೆ ಅರ್ಥವಿಲ್ಲ.

## ಹಂತ 2: ಬಜೆಟ್ ಬರೆಯಿರಿ, ಆದರೆ ಪ್ಯಾಡಲ್‌ಗೆ ಮಾತ್ರ ಅಲ್ಲ

ಒಟ್ಟು ಎಷ್ಟು ಖರ್ಚು ಮಾಡಬಲ್ಲಿರಿ ಅಂತ ಒಂದು ಸಂಖ್ಯೆ ಬರೆಯಿರಿ. ಅದರಿಂದ ಮೊದಲು ಶೂ ದುಡ್ಡು ತೆಗೆದಿಡಿ. ಹೌದು, ಶೂ. ಓಡುವ ಶೂ ಹಾಕಿಕೊಂಡು ಪಕ್ಕಕ್ಕೆ ಜಿಗಿದರೆ ಕಾಲು ಉಳುಕುವುದು ಗ್ಯಾರಂಟಿ ಅಂದುಕೊಳ್ಳಿ. ಅದರ ಅಟ್ಟೆ ಮುಂದಕ್ಕೆ ಓಡಲು ಮಾಡಿದ್ದು, ಪಕ್ಕಕ್ಕೆ ತಡೆಯಲು ಅಲ್ಲ. ಬ್ಯಾಡ್ಮಿಂಟನ್ ಅಥವಾ ಟೆನಿಸ್ ಕೋರ್ಟ್ ಶೂ ಬೇಕು. ಅದು ಇಲ್ಲದವರು ಪ್ಯಾಡಲ್ ಕೊಳ್ಳುವುದನ್ನು ಒಂದು ತಿಂಗಳು ಮುಂದೂಡಿದರೂ ನಷ್ಟವಿಲ್ಲ.

ಉಳಿದದ್ದರಲ್ಲಿ ಓವರ್‌ಗ್ರಿಪ್, ಚೆಂಡು, ಪ್ಯಾಡಲ್ ಕವರ್‌ಗೆ ಸ್ವಲ್ಪ ಬಿಡಿ. ಮಿಕ್ಕಿದ್ದು ಪ್ಯಾಡಲ್‌ಗೆ. ಬೆಲೆ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ, ಆದರೂ ಅಂದಾಜಿಗೆ ಹೀಗಿದೆ.

2,000 ರೂಪಾಯಿಯ ಒಳಗೆ ಸಿಗುವುದು ಹೆಚ್ಚಾಗಿ ಮರದ್ದು ಅಥವಾ ಹೆಸರಿಲ್ಲದ ಫೈಬರ್‌ಗ್ಲಾಸ್. ಮರದ್ದು ಭಾರ, ಕೈ ಝುಮ್ಮೆನ್ನುತ್ತದೆ. ಮಕ್ಕಳ ಬೇಸಿಗೆ ರಜೆಗೆ ಸರಿ, ಕಲಿಯುವುದಕ್ಕೆ ಸರಿಯಲ್ಲ.

2,000ದಿಂದ 4,000ದವರೆಗೆ ಫೈಬರ್‌ಗ್ಲಾಸ್ ಅಥವಾ ಗ್ರಾಫೈಟ್ ಮುಖ, ಒಳಗೆ ಪಾಲಿಪ್ರೊಪಿಲೀನ್ (ಒಂದು ಬಗೆಯ ಪ್ಲಾಸ್ಟಿಕ್) ಜೇನುಗೂಡು ಇರುವ ಪ್ಯಾಡಲ್ ಬರುತ್ತದೆ. ವಾರಕ್ಕೊಮ್ಮೆ ಆಡುವವರಿಗೆ ಇಷ್ಟು ಧಾರಾಳ.

4,000ದಿಂದ 8,000ದವರೆಗಿನದ್ದು ನನ್ನ ಪ್ರಕಾರ ಹೆಚ್ಚಿನವರು ನಿಲ್ಲಬೇಕಾದ ಜಾಗ. ಇಲ್ಲಿ 16 ಮಿ.ಮೀ. ದಪ್ಪದ ಕಾರ್ಬನ್ ಮುಖದ ಪ್ಯಾಡಲ್ ಸಿಗುತ್ತದೆ. ಹೊಸಬರಿಂದ ಹಿಡಿದು ಸಂಘದ ಕ್ರೀಡಾಕೂಟದಲ್ಲಿ ಕಪ್ ಗೆಲ್ಲುವವರ ತನಕ ಎಲ್ಲರಿಗೂ ಸಾಲುತ್ತದೆ.

ಅದರ ಮೇಲಕ್ಕೆ 15,000, 20,000, 25,000ದ ತನಕ ಹೋಗುತ್ತದೆ. ಅಲ್ಲಿ ಸಿಗುವುದು ಹೆಚ್ಚು ಶಕ್ತಿ, ಹೆಚ್ಚು ಸ್ಪಿನ್. ಹೊಸಬರಿಗೆ ಬೇಡದ ಎರಡು ವಸ್ತು ಯಾವುದು ಅಂತ ಕೇಳಿದರೆ ನಾನು ಇವೆರಡನ್ನೇ ಹೇಳುತ್ತೇನೆ.

## ಹಂತ 3: ಹಿಡಿಯ ಅಳತೆ ತಗೊಳ್ಳಿ

ಹೆಚ್ಚಿನವರು ದಾಟಿಬಿಡುವ ಹಂತ ಇದೇ. ಮೊಣಕೈ ನೋವಿನ ಮೂಲವೂ ಎಷ್ಟೋ ಸಲ ಇದೇ.

ಆಡುವ ಕೈಯನ್ನು ಬಿಚ್ಚಿ, ಬೆರಳು ಜೋಡಿಸಿ. ಅಂಗೈಯಲ್ಲಿ ಅಡ್ಡಕ್ಕೆ ಓಡುವ ಗೆರೆಗಳಲ್ಲಿ ನಡುವಿನದನ್ನು ಹುಡುಕಿ. ಅಲ್ಲಿಂದ ಉಂಗುರ ಬೆರಳಿನ ತುದಿಯವರೆಗೆ ಸ್ಕೇಲ್ ಇಟ್ಟು ಇಂಚಿನಲ್ಲಿ ಓದಿ. ಅದೇ ನಿಮ್ಮ ಹಿಡಿಯ ಸುತ್ತಳತೆ. ಸಾಮಾನ್ಯವಾಗಿ 4ರಿಂದ ನಾಲ್ಕೂವರೆ ಇಂಚಿನ ಒಳಗೆ ಬರುತ್ತದೆ. ಮಾರುಕಟ್ಟೆಯಲ್ಲಿರುವ ಬಹುಪಾಲು ಪ್ಯಾಡಲ್‌ಗಳ ಹಿಡಿ ನಾಲ್ಕೂಕಾಲು ಇಂಚಿನ ಆಸುಪಾಸಿನದು.

ಪ್ಯಾಡಲ್ ಕೈಗೆ ಬಂದ ಮೇಲೆ ಇನ್ನೊಂದು ಪರೀಕ್ಷೆ ಇದೆ. ಸಹಜವಾಗಿ ಹಿಡಿಯಿರಿ. ಇನ್ನೊಂದು ಕೈಯ ತೋರುಬೆರಳನ್ನು, ಹಿಡಿದ ಕೈಯ ಬೆರಳ ತುದಿ ಮತ್ತು ಅಂಗೈ ನಡುವೆ ತೂರಿಸಿ. ಸರಿಯಾಗಿ ಕೂತರೆ ಅಳತೆ ಸರಿ. ಬೆರಳೇ ಹೋಗದಿದ್ದರೆ ಹಿಡಿ ಸಣ್ಣದು. ಹೋಗಿಯೂ ಜಾಗ ಉಳಿದರೆ ದೊಡ್ಡದು.

ಹಿಡಿ ಸಣ್ಣದಾದರೆ ಏನಾಗುತ್ತದೆ ಅಂತ ಯಾವುದಾದರೂ ಟರ್ಫ್‌ನಲ್ಲಿ ಸಂಜೆ ಹೊತ್ತು ನಿಂತು ನೋಡಿ. ಘೋಡ್‌ಬಂದರ್ ರೋಡ್ ಕಡೆ ಇಂಥವರನ್ನು ಬೇಕಾದಷ್ಟು ನೋಡಿದ್ದೇನೆ. ಪ್ಯಾಡಲ್ ಅಂಚಿಗೆ ಚೆಂಡು ಬಡಿದಾಗ ಹಿಡಿ ಕೈಯೊಳಗೇ ತಿರುಗುತ್ತದೆ. ಅದನ್ನು ತಡೆಯಲು ಗಟ್ಟಿಯಾಗಿ ಅಮುಕುತ್ತಾರೆ. ಬೆರಳ ಗೆಣ್ಣು ಬೆಳ್ಳಗಾಗಿರುತ್ತದೆ, ಮುಂಗೈಯ ನರ ಎದ್ದು ಕಾಣುತ್ತದೆ. ಪಾಯಿಂಟ್ ಮುಗಿದ ಕೂಡಲೇ ಪ್ಯಾಡಲನ್ನು ಕಂಕುಳಲ್ಲಿ ಸಿಕ್ಕಿಸಿ ಕೈ ಕೊಡವುತ್ತಾರೆ. ಆ ಕೊಡವುವಿಕೆ ಕಂಡಿತೋ, ಹಿಡಿ ಅಳತೆ ತಪ್ಪಿದೆ ಅಂತ ಲೆಕ್ಕ.

ಎರಡು ಅಳತೆಯ ನಡುವೆ ಸಿಕ್ಕಿಕೊಂಡರೆ ಸಣ್ಣದನ್ನೇ ತಗೊಳ್ಳಿ. ಒಂದು ಓವರ್‌ಗ್ರಿಪ್ ಸುತ್ತಿದರೆ ಸುತ್ತಳತೆ ಸುಮಾರು 1/16 ಇಂಚು ಹೆಚ್ಚುತ್ತದೆ. ದಪ್ಪ ಮಾಡುವುದು ಸುಲಭ, ದಪ್ಪ ಹಿಡಿಯನ್ನು ತೆಳ್ಳಗೆ ಮಾಡುವುದು ಆಗದ ಮಾತು.

ಹಿಡಿಯ ಉದ್ದವೂ ನೋಡಿ. ಟೆನಿಸ್‌ನಿಂದ ಬಂದು ಎರಡೂ ಕೈಯಲ್ಲಿ ಬ್ಯಾಕ್‌ಹ್ಯಾಂಡ್ ಹೊಡೆಯುವವರಿಗೆ ಐದೂವರೆ ಇಂಚಾದರೂ ಬೇಕು. ಟೇಬಲ್ ಟೆನಿಸ್ ಅಭ್ಯಾಸದಿಂದ ತೋರುಬೆರಳನ್ನು ಪ್ಯಾಡಲ್ ಮುಖದ ಮೇಲೆ ಇಡುವವರಿಗೆ ಐದು ಇಂಚಿನೊಳಗಿನ ಗಿಡ್ಡ ಹಿಡಿ ಸಾಕು.

## ಹಂತ 4: ತೂಕ ನಿಗದಿಮಾಡಿ

ಪ್ಯಾಡಲ್ ತೂಕವನ್ನು ಔನ್ಸ್‌ನಲ್ಲಿ ಬರೆದಿರುತ್ತಾರೆ. 8 ಔನ್ಸ್ ಅಂದರೆ 227 ಗ್ರಾಂ. ಸುಮಾರು 213 ಗ್ರಾಂಗಿಂತ ಕಡಿಮೆ ಇದ್ದರೆ ಹಗುರ. 215ರಿಂದ 232ರವರೆಗೆ ನಡುವಿನದು. 235 ದಾಟಿದರೆ ಭಾರ.

ಹಗುರ ಪ್ಯಾಡಲ್ ಕೈಗೆ ಒಳ್ಳೆಯದು ಅಂತ ಎಲ್ಲರ ನಂಬಿಕೆ. ಪೂರ್ತಿ ನಿಜ ಅಲ್ಲ. ತೀರಾ ಹಗುರವಾದರೆ ಚೆಂಡಿನ ಪೆಟ್ಟನ್ನು ಪ್ಯಾಡಲ್ ತಾನು ನುಂಗುವುದಿಲ್ಲ, ನಿಮ್ಮ ಮೊಣಕೈಗೆ ಕಳಿಸುತ್ತದೆ. ಜೋರು ಬರಲಿ ಅಂತ ನೀವು ಇನ್ನಷ್ಟು ಬೀಸುತ್ತೀರಿ. ತೀರಾ ಭಾರವಾದರೆ ನೆಟ್ ಹತ್ತಿರದ ವೇಗದ ಆಟದಲ್ಲಿ ಕೈ ತಡವಾಗುತ್ತದೆ, ಭುಜ ಸೋಲುತ್ತದೆ. ಅದಕ್ಕೇ ಹೊಸಬರಿಗೆ, 40 ದಾಟಿದವರಿಗೆ, ಆಗಲೇ ಮೊಣಕೈ ನೋವಿರುವವರಿಗೆ ನಾನು ಹೇಳುವುದು 218ರಿಂದ 228 ಗ್ರಾಂ. ನೋವು ಜೋರಾಗಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ, ಆಮೇಲೆ ಪ್ಯಾಡಲ್.

ಬ್ಯಾಡ್ಮಿಂಟನ್‌ನವರಿಗೆ ಇಲ್ಲಿ ಸ್ವಲ್ಪ ಕಷ್ಟ. ಅವರ ರಾಕೆಟ್ ಹೆಚ್ಚೆಂದರೆ 90 ಗ್ರಾಂ. ಮಣಿಕಟ್ಟಿನಲ್ಲೇ ಹೊಡೆದು ಅಭ್ಯಾಸ. ಅದೇ ಅಭ್ಯಾಸದಲ್ಲಿ ಎರಡೂವರೆ ಪಟ್ಟು ಭಾರದ ವಸ್ತುವನ್ನು ಬೀಸಿದರೆ ಮಣಿಕಟ್ಟು ಊದುತ್ತದೆ ಮಾರಾಯ್ರೆ! ನೀವು 215ರ ಹತ್ತಿರದಿಂದ ಶುರುಮಾಡಿ.

ಡಬ್ಬದ ಮೇಲೆ ಬರೆದ ತೂಕ ನಂಬಬೇಡಿ. ಒಂದೇ ಮಾಡೆಲ್‌ನ ಎರಡು ಪ್ಯಾಡಲ್ ನಡುವೆ ಐದಾರು ಗ್ರಾಂ ವ್ಯತ್ಯಾಸ ಸಾಮಾನ್ಯ. ಓವರ್‌ಗ್ರಿಪ್ ಸುತ್ತಿದರೆ ಇನ್ನೂ ಐದು ಗ್ರಾಂ ಸೇರುತ್ತದೆ. ಅದಕ್ಕೇ ತೂಕದ ಯಂತ್ರ.

ಇನ್ನು, ತೂಕ ಎಷ್ಟು ಅನ್ನುವಷ್ಟೇ ಮುಖ್ಯ ಅದು ಎಲ್ಲಿದೆ ಅನ್ನುವುದು. ಪ್ಯಾಡಲನ್ನು ಅಡ್ಡಕ್ಕೆ ಒಂದು ಬೆರಳ ಮೇಲೆ ಸಮ ನಿಲ್ಲಿಸಿ ನೋಡಿ. ನಿಂತ ಜಾಗ ತಲೆಯ ಕಡೆ ಹೆಚ್ಚು ಸರಿದಿದ್ದರೆ ಬೀಸುವಾಗ ಭಾರ ಅನ್ನಿಸುತ್ತದೆ, ಯಂತ್ರದ ಮೇಲೆ ಹಗುರ ತೋರಿಸಿದರೂ. ಬೀಸುವಾಗಿನ ಈ ಭಾರವನ್ನೇ ಕಂಪನಿಗಳು ಸ್ವಿಂಗ್ ವೇಟ್ ಅಂತ ಬರೆಯುತ್ತವೆ. ಒಂದೇ ತೂಕದ ಎರಡು ಪ್ಯಾಡಲ್ ಪಕ್ಕಪಕ್ಕ ಇದ್ದರೆ, ಸ್ವಿಂಗ್ ವೇಟ್ ಸಂಖ್ಯೆ ಕಡಿಮೆ ಇರುವುದು ನೆಟ್ ಹತ್ತಿರ ಚುರುಕು.

## ಹಂತ 5: ದಪ್ಪ ಮತ್ತು ಒಳಗಿನ ಕೋರ್

ಇದೊಂದು ಸಂಖ್ಯೆ ಗೊತ್ತಿದ್ದರೆ ಅಂಗಡಿಯಲ್ಲಿ ಅರ್ಧ ಮೋಸ ತಪ್ಪುತ್ತದೆ. 16 ಮಿ.ಮೀ. ದಪ್ಪದ ಪ್ಯಾಡಲ್ ಚೆಂಡನ್ನು ಹಿಡಿದು ಬಿಡುತ್ತದೆ, ಡಿಂಕ್ ಮತ್ತು ಡ್ರಾಪ್ ಹಿಡಿತಕ್ಕೆ ಬರುತ್ತವೆ. 13 ಅಥವಾ 14 ಮಿ.ಮೀ. ಆದರೆ ಚೆಂಡು ಥಟ್ಟನೆ ಹಾರುತ್ತದೆ. ಮೊದಲ ಹಂತದಲ್ಲಿ ಡ್ರಾಪ್ ಎಷ್ಟು ಬಂತು ನೆನಪಿದೆಯಲ್ವಾ? 7ರೊಳಗೆ ಬಂದವರು 16 ಬಿಟ್ಟು ಬೇರೆ ನೋಡಲೇಬೇಡಿ.

ಒಳಗಿನ ಕೋರ್ ಹೆಚ್ಚಾಗಿ ಪಾಲಿಪ್ರೊಪಿಲೀನ್ ಜೇನುಗೂಡು. ಇದು ಮೆತ್ತಗೆ, ಸದ್ದೂ ಕಡಿಮೆ. ನೋಮೆಕ್ಸ್ (ಕಾಗದದಂಥ ಗಟ್ಟಿ ಕೃತಕ ವಸ್ತು) ಕೋರ್ ಗಟ್ಟಿ, ಜೋರು, ಗದ್ದಲ. ಈಚೆಗೆ ಪೂರ್ತಿ ಫೋಮ್ ಕೋರ್ ಇರುವವು ಬಂದಿವೆ. ಜೇನುಗೂಡಿನಂತೆ ಅವು ಒಳಗೆ ಕುಸಿಯುವುದಿಲ್ಲ, ಆದರೆ ಬೆಲೆ ಜಾಸ್ತಿ.

ಸದ್ದಿನ ವಿಷಯವನ್ನು ಮುಂಬೈಯವರು ಹಗುರವಾಗಿ ತಗೊಳ್ಳಬೇಡಿ. ನಾಲ್ಕು ಕಡೆ ಕಟ್ಟಡ, ನಡುವೆ ಕೋರ್ಟು, ಬೆಳಿಗ್ಗೆ ಆರಕ್ಕೆ ಟಪ್ ಟಪ್ ಅಂತ ಶುರುವಾದರೆ ಸೊಸೈಟಿ ಸೆಕ್ರೆಟರಿಗೆ ದೂರು ಹೋಗಿಯೇ ಹೋಗುತ್ತದೆ. ದಪ್ಪ ಕೋರ್‌ನ ಸದ್ದು ಮಂದ್ರ, ಮಹಡಿ ಮೇಲಿನವರಿಗೆ ಅಷ್ಟು ಚುಚ್ಚುವುದಿಲ್ಲ. 16 ಮಿ.ಮೀ. ಕೊಳ್ಳಲು ಇದೂ ಒಂದು ಕಾರಣ.

"ಥರ್ಮೋಫಾರ್ಮ್ಡ್" ಅಂತ ಬರೆದದ್ದು ಕಂಡರೆ ಅರ್ಥ ಇಷ್ಟೇ: ಬಿಸಿ ಮತ್ತು ಒತ್ತಡದಲ್ಲಿ ಒಂದೇ ತುಂಡಾಗಿ ಮಾಡಿದ್ದು, ಅಂಚಿಗೆ ಸಾಮಾನ್ಯವಾಗಿ ಫೋಮ್ ತುಂಬಿದ್ದು. ಗಟ್ಟಿ, ಶಕ್ತಿ ಜಾಸ್ತಿ. ನಡುವಿನ ಮಟ್ಟದಿಂದ ಮೇಲಿನವರಿಗೆ.

## ಹಂತ 6: ಮುಖ ಯಾವುದರದ್ದು

ಫೈಬರ್‌ಗ್ಲಾಸ್ ಮುಖ ಸ್ವಲ್ಪ ಬಾಗುತ್ತದೆ, ಚೆಂಡನ್ನು ಚಿಮ್ಮಿಸುತ್ತದೆ. ಅಗ್ಗ. ತೋಳಿನಲ್ಲಿ ಬಲ ಕಡಿಮೆ ಇರುವವರಿಗೆ, ಹಿರಿಯರಿಗೆ ಇದು ಸಹಾಯ ಮಾಡುತ್ತದೆ. ಗ್ರಾಫೈಟ್ ಗಟ್ಟಿ ಮತ್ತು ನಯ. ಕಾರ್ಬನ್ ಫೈಬರ್, ಅದರಲ್ಲೂ ಟಿ700 (ಕಾರ್ಬನ್‌ನ ಒಂದು ದರ್ಜೆ) ಅಂತ ಬರೆದಿರುವ ಕಚ್ಚಾ ಕಾರ್ಬನ್, ಮುಟ್ಟಿದರೆ ತರಿತರಿ. ಆ ತರಿ ಚೆಂಡನ್ನು ಕಚ್ಚುತ್ತದೆ, ಸ್ಪಿನ್ ಬರುತ್ತದೆ.

ಇಲ್ಲಿ ಒಂದು ಕಿವಿಮಾತು. ಅಗ್ಗದ ಕೆಲವು ಪ್ಯಾಡಲ್‌ಗಳಲ್ಲಿ ತರಿ ಇರುವುದು ಕಾರ್ಬನ್‌ನದ್ದಲ್ಲ, ಮೇಲೆ ಸಿಂಪಡಿಸಿದ ಮರಳಿನಂಥ ಬಣ್ಣದ್ದು. ಉಗುರಿನಿಂದ ಅಂಚಿನ ಹತ್ತಿರ ಗೀರಿ ನೋಡಿ. ಪುಡಿ ಉದುರಿದರೆ ಬೇಡ. ಅಂಥದ್ದು ಕೆಲವೇ ವಾರದಲ್ಲಿ ನಯವಾಗುತ್ತದೆ. ನಿಜವಾದ ಕಚ್ಚಾ ಕಾರ್ಬನ್ ಬೆಳಕಿಗೆ ಓರೆಯಾಗಿ ಹಿಡಿದರೆ ನೇಯ್ದ ಬಟ್ಟೆಯ ಎಳೆಯಂತೆ ಸಣ್ಣ ಗೆರೆಗಳು ಕಾಣುತ್ತವೆ.

## ಹಂತ 7: ಆಕಾರ

ನಿಯಮದ ಪ್ರಕಾರ ಉದ್ದ 17 ಇಂಚು ಮೀರಬಾರದು. ಉದ್ದ ಅಗಲ ಕೂಡಿ 24 ಇಂಚು ದಾಟಬಾರದು. ಹಾಗಾಗಿ ಉದ್ದ ಹೆಚ್ಚಿದರೆ ಅಗಲ ಕಡಿಮೆಯಾಗಲೇಬೇಕು. 16 ಇಂಚು ಉದ್ದ, 8 ಇಂಚು ಅಗಲದ್ದು ಸ್ಟ್ಯಾಂಡರ್ಡ್. ಇದರಲ್ಲಿ ಚೆಂಡು ಸರಿಯಾಗಿ ಕೂರುವ ಜಾಗ ದೊಡ್ಡದು. ಉದ್ದ ಪ್ಯಾಡಲ್ ಕೈಗೆ ಎಟಕದ ಚೆಂಡನ್ನು ಎಟಕಿಸುತ್ತದೆ, ಆದರೆ ನಡುಭಾಗ ತಪ್ಪಿದರೆ ಕ್ಷಮಿಸುವುದಿಲ್ಲ. ಹೊಸಬರಿಗೆ ಸ್ಟ್ಯಾಂಡರ್ಡ್. ಮಾತು ಮುಗಿಯಿತು.

## ಹಂತ 8: ಆಡಿ ನೋಡಿ, ಆದರೆ ಮೆಲ್ಲನೆಯ ಹೊಡೆತದಿಂದ ಶುರುಮಾಡಿ

ಈಗ ನಿಮ್ಮ ಕೈಯಲ್ಲಿ ಒಂದು ಚೀಟಿ ಇರಬೇಕು. ಉದಾಹರಣೆಗೆ: ಹಿಡಿ ನಾಲ್ಕೂಕಾಲು, ತೂಕ 220ರಿಂದ 228 ಗ್ರಾಂ, 16 ಮಿ.ಮೀ., ಸ್ಟ್ಯಾಂಡರ್ಡ್, ಕಾರ್ಬನ್, 6,000ದೊಳಗೆ. ಇದಕ್ಕೆ ಹೊಂದುವ ಎರಡು ಮೂರು ಮಾಡೆಲ್ ಹುಡುಕಿ. ಜೊತೆಯಲ್ಲಿ ಆಡುವವರಲ್ಲಿ ಕೇಳಿದರೆ ಒಂದಾದರೂ ಸಿಗುತ್ತದೆ. ಕೆಲವು ಕೋರ್ಟುಗಳಲ್ಲಿ ಡೆಮೊ ಪ್ಯಾಡಲ್ ಬಾಡಿಗೆಗೂ ಕೊಡುತ್ತಾರೆ.

ಪೇಂಟರ್ ಟೇಪು ಈಗ ಬೇಕು. ಪ್ಯಾಡಲ್ ಮೇಲಿನ ಕಂಪನಿ ಹೆಸರಿನ ಮೇಲೆ ಒಂದು ಚೂರು ಅಂಟಿಸಿ, ಮೇಲೆ 1, 2, 3 ಅಂತ ಬರೆಯಿರಿ. ಹಾಸ್ಯ ಅನ್ನಿಸಬಹುದು. ಆದರೆ ಹೆಸರು ಕಾಣದಿದ್ದಾಗ ಜನರ ಅಭಿಪ್ರಾಯ ಎಷ್ಟು ಬದಲಾಗುತ್ತದೆ ಅಂತ ಒಮ್ಮೆ ನೋಡಿ!

ಅಂಗಡಿಯಲ್ಲಾಗಲಿ ಕೋರ್ಟಿನಲ್ಲಾಗಲಿ ಹೊಸ ಪ್ಯಾಡಲ್ ಕೈಗೆ ಬಂದ ಕೂಡಲೇ ಎಲ್ಲರೂ ಮಾಡುವುದು ಜೋರಾಗಿ ಒಂದು ಹೊಡೆಯುವುದು. ಆ ಸದ್ದು ಕಿವಿಗೆ ಹಿತ. ಅಲ್ಲಿಗೆ ತೀರ್ಮಾನ ಆಗಿಹೋಗುತ್ತದೆ. ನೀವು ಹೀಗೆ ಮಾಡಿ: ಪ್ರತಿ ಪ್ಯಾಡಲ್‌ನಲ್ಲಿ ಮೊದಲು ಐದು ನಿಮಿಷ ಡಿಂಕ್. ಆಮೇಲೆ ಡ್ರಾಪ್. ಆಮೇಲೆ ಜೊತೆಯವರ ಜೋರು ಹೊಡೆತವನ್ನು ತಡೆಯುವುದು. ನಂತರ ಕಿಚನ್ ಗೆರೆಯಲ್ಲಿ ನಿಂತು ವೇಗದ ವಾಲಿ, ಅಂದರೆ ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯುವುದು. ಸರ್ವ್ ಮತ್ತು ಡ್ರೈವ್ (ಜೋರಾದ ನೇರ ಹೊಡೆತ) ಕೊನೆಗೆ. ಒಂದು ಸುತ್ತು ಮುಗಿದ ಮೇಲೆ ಮತ್ತೆ ಮೊದಲ ಪ್ಯಾಡಲ್‌ಗೆ ಬನ್ನಿ. ಸುಸ್ತಾದ ಕೈಯಲ್ಲಿ ಅದು ಬೇರೆಯೇ ಅನ್ನಿಸುತ್ತದೆ.

ಎಚ್ಚರಿಕೆಯ ಗುರುತುಗಳು ಇವು. ಡಿಂಕ್ ಎಲ್ಲವೂ ಒಂದಡಿ ಎತ್ತರ ಹೋಗುತ್ತಿದ್ದರೆ ಪ್ಯಾಡಲ್ ನಿಮಗೆ ಜೋರು. ಅಂಚಿಗೆ ತಗುಲಿದಾಗ ಕೈಯಲ್ಲಿ ತಿರುಗಿದರೆ ಹಿಡಿ ಸಣ್ಣದು ಅಥವಾ ಪ್ಯಾಡಲ್ ಕಿರಿದು. ವಾಲಿಯಲ್ಲಿ ಚೆಂಡು ಎದೆಗೆ ಬಂದಾಗ ಪ್ಯಾಡಲ್ ಇನ್ನೂ ಸೊಂಟದ ಹತ್ತಿರವೇ ಇದ್ದರೆ ತಲೆಭಾರ ಹೆಚ್ಚು. ಇನ್ನೊಂದು ಗುರುತು ಮಾರನೆಯ ಬೆಳಿಗ್ಗೆ ಸಿಗುತ್ತದೆ: ಚಹಾದ ಲೋಟ ಎತ್ತುವಾಗ ಮೊಣಕೈಯ ಹೊರಬದಿ ಚುಳುಕ್ ಅಂದರೆ ಆ ಪ್ಯಾಡಲ್ ಬೇಡ, ಎಷ್ಟೇ ಇಷ್ಟವಾಗಿದ್ದರೂ. ಅದಕ್ಕೇ ಡೆಮೊ ದಿನವೇ ದುಡ್ಡು ಕೊಡಬೇಡಿ.

## ಹಂತ 9: ಕೊಳ್ಳುವಾಗ ಏನು ನೋಡಬೇಕು

ಧೋಬಿ ತಲಾವ್ ಕಡೆ ಆಟದ ಸಾಮಾನಿನ ಅಂಗಡಿಗಳು ಸಾಲಾಗಿವೆ. ಕೈಯಲ್ಲಿ ಹಿಡಿದು ನೋಡಲು ಅದು ಒಳ್ಳೆಯ ಜಾಗ. "ಸಾಬ್, ಪ್ರೋ ಮಾಡೆಲ್ ಹೈ" ಅಂತ ಮೊದಲು ತೋರಿಸುವುದನ್ನು ನೋಡಿ ನಕ್ಕು ಪಕ್ಕಕ್ಕಿಡಿ. ನಿಮ್ಮ ಚೀಟಿ ತೋರಿಸಿ. ತೂಕದ ಯಂತ್ರ ಚೀಲದಲ್ಲಿರಲಿ. ಒಂದೇ ಮಾಡೆಲ್‌ನ ಎರಡು ಮೂರು ತುಂಡು ತೂಗಿ, ನಿಮ್ಮ ಅಂಕಿಗೆ ಹತ್ತಿರದ್ದನ್ನು ಆರಿಸಿ.

ಟೂರ್ನಮೆಂಟ್ ಆಡುವ ಆಸೆ ಇದ್ದರೆ ಪ್ಯಾಡಲ್ ಮುಖದ ಮೇಲೆ ಅಮೆರಿಕದ ಪಿಕಲ್‌ಬಾಲ್ ಸಂಸ್ಥೆಯಾದ ಯುಎಸ್‌ಎ ಪಿಕಲ್‌ಬಾಲ್‌ನ ಒಪ್ಪಿಗೆಯ ಗುರುತು ಇದೆಯಾ ನೋಡಿ. ಗುರುತು ಇದ್ದರಷ್ಟೇ ಸಾಲದು. ಅವರ ವೆಬ್‌ಸೈಟ್‌ನಲ್ಲಿ ಪಟ್ಟಿ ಇದೆ, ಮಾಡೆಲ್ ಹೆಸರು ಅಕ್ಷರಕ್ಕೆ ಅಕ್ಷರ ಹೊಂದುತ್ತದಾ ಪರೀಕ್ಷಿಸಿ. ಪಟ್ಟಿಯಿಂದ ಮಾಡೆಲ್ ತೆಗೆದುಹಾಕುವುದೂ ಉಂಟು, 2024ರಲ್ಲಿ ಹೆಸರಾಂತ ಕಂಪನಿಯೊಂದರ ಕೆಲವು ಪ್ಯಾಡಲ್‌ಗಳಿಗೆ ಹಾಗೇ ಆಯಿತು. ಯಾವ ಪಟ್ಟಿ ಒಪ್ಪುತ್ತಾರೆ ಅಂತ ಟೂರ್ನಮೆಂಟ್ ನಡೆಸುವವರನ್ನೇ ಕೇಳಿಬಿಡಿ. ಗೆಳೆಯರ ಜೊತೆ ಮಾತ್ರ ಆಡುವವರಿಗೆ ಈ ತಲೆನೋವು ಬೇಡ.

ನಕಲಿ ಮಾಲು ಬೇಕಾದಷ್ಟಿದೆ. 20,000ದ ಪ್ಯಾಡಲ್ 4,500ಕ್ಕೆ ಕೊಡುತ್ತೇನೆ ಅಂತ ಯಾರಾದರೂ ವಾಟ್ಸಾಪ್‌ನಲ್ಲಿ ಹೇಳಿದರೆ ಅದು ನಕಲಿ ಅಂತಲೇ ಲೆಕ್ಕ ಹಾಕಿ. ಸೀರಿಯಲ್ ನಂಬರ್ ಇದೆಯಾ, ಅಕ್ಷರದ ಅಂಚು ಮಸುಕಾಗಿದೆಯಾ, ಅಂಚುಪಟ್ಟಿಯ ಸೇರುವ ಜಾಗದಲ್ಲಿ ಅಂಟು ಹೊರಬಂದಿದೆಯಾ ನೋಡಿ. ಕೆಲವು ಕಂಪನಿಗಳು ಹಿಡಿಯ ಬುಡದಲ್ಲಿ ಚಿಪ್ ಇಡುತ್ತವೆ, ಮೊಬೈಲ್ ತಾಗಿಸಿದರೆ ಅಸಲಿಯೋ ಅಲ್ಲವೋ ಗೊತ್ತಾಗುತ್ತದೆ. ಬಿಲ್ ಇಲ್ಲದೆ ಕೊಳ್ಳಬೇಡಿ. ಬಿಲ್ ಇಲ್ಲದಿದ್ದರೆ ವಾರಂಟಿ ಇಲ್ಲ.

ಸೆಕೆಂಡ್ ಹ್ಯಾಂಡ್ ಕೆಟ್ಟದ್ದೇನಲ್ಲ. ದೊಡ್ಡ ಪ್ಯಾಡಲ್ ಕೊಂಡು ಎರಡು ತಿಂಗಳಲ್ಲಿ ಬೇಸತ್ತವರು ಅರ್ಧ ಬೆಲೆಗೆ ಮಾರುತ್ತಾರೆ. ಆದರೆ ತಟ್ಟಿ ನೋಡದೆ ಕೊಳ್ಳಬೇಡಿ. ಬೆರಳ ಗೆಣ್ಣಿನಿಂದ ಮುಖದ ಮೇಲೆ ಅಂಚಿನಿಂದ ಅಂಚಿಗೆ, ಎರಡು ಬೆರಳು ಅಂತರದಲ್ಲಿ ತಟ್ಟುತ್ತಾ ಹೋಗಿ. ತೆಂಗಿನಕಾಯಿ ಆರಿಸುವಾಗ ಕಿವಿಗೊಡುತ್ತೀರಲ್ಲ, ಹಾಗೆ. ಸದ್ದು ಒಂದೇ ಸಮ ಇರಬೇಕು. ಒಂದು ಕಡೆ ಪೊಳ್ಳು ಸದ್ದು ಬಂದರೆ ಮುಖ ಕೋರ್‌ನಿಂದ ಬಿಟ್ಟಿದೆ. ಎರಡೂ ಹೆಬ್ಬೆರಳಿನಿಂದ ಅಮುಕಿದಾಗ ಕರಕರ ಅಂದರೆ ಒಳಗಿನ ಜೇನುಗೂಡು ಕುಸಿದಿದೆ. ಎರಡರಲ್ಲಿ ಒಂದು ಕಂಡರೂ ಬಿಟ್ಟು ಬನ್ನಿ.

## ಹಂತ 10: ಮನೆಗೆ ತಂದ ಮೇಲೆ

ಮೊದಲ ಕೆಲಸ ಓವರ್‌ಗ್ರಿಪ್. ಮುಂಬೈ ಸೆಕೆಯಲ್ಲಿ ಅಂಗೈ ಬೆವರುವುದು ತಪ್ಪಿದ್ದಲ್ಲ. ಅಂಟು ಅಂಟಾದ ಗ್ರಿಪ್ ಒಣ ಕೈಯವರಿಗೆ ಸರಿ. ತುಂಬಾ ಬೆವರುವವರು ಬೆವರು ಹೀರುವ ಒಣ ಬಗೆಯದನ್ನು ಕೇಳಿ ತಗೊಳ್ಳಿ. ಜಾರಲು ಶುರುವಾದ ಕೂಡಲೇ ಬದಲಿಸಿ, ಪೂರ್ತಿ ಕಪ್ಪಾಗುವ ತನಕ ಕಾಯಬೇಡಿ. ಜಾರುವ ಗ್ರಿಪ್ ಅಂದರೆ ಅಮುಕುವ ಕೈ, ಅಮುಕುವ ಕೈ ಅಂದರೆ ಮೊಣಕೈ ನೋವು.

ಕಚ್ಚಾ ಕಾರ್ಬನ್ ಮುಖದ ತರಿಯಲ್ಲಿ ಚೆಂಡಿನ ಪ್ಲಾಸ್ಟಿಕ್ ಸಿಕ್ಕಿಕೊಂಡು ನಯವಾಗುತ್ತದೆ. ಇದಕ್ಕೆಂದೇ ರಬ್ಬರಿನ ಇಟ್ಟಿಗೆಯಂಥ ಕ್ಲೀನರ್ ಸಿಗುತ್ತದೆ. ಒಣಗಿರುವಾಗ ತಿಕ್ಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಸ್ಯಾಂಡ್‌ಪೇಪರ್ ಮುಟ್ಟಿಸಬೇಡಿ, ಮುಖ ಹಾಳಾಗುತ್ತದೆ, ನಿಯಮಕ್ಕೂ ವಿರುದ್ಧ.

ಬಿಸಿಲಲ್ಲಿ ನಿಂತ ಕಾರಿನೊಳಗೆ ಪ್ಯಾಡಲ್ ಬಿಡಬೇಡಿ, ಬಿಸಿಗೆ ಅಂಟು ಸಡಿಲವಾಗುತ್ತದೆ. ಜೂನ್ ಎರಡನೇ ವಾರದಿಂದ ಮಳೆ ಹಿಡಿದರೆ ಒದ್ದೆ ಪ್ಯಾಡಲನ್ನು ಕವರ್‌ನಲ್ಲಿ ಮುಚ್ಚಿಡಬೇಡಿ, ಗ್ರಿಪ್‌ಗೆ ಬೂಸ್ಟು ಬರುತ್ತದೆ. ಲೋಕಲ್‌ನಲ್ಲಿ ಆಫೀಸು ಚೀಲದೊಳಗೆ ಸ್ಟೀಲ್ ಡಬ್ಬಿಯ ಪಕ್ಕ ತುರುಕಿ ಒಯ್ಯುವವರು ಗಟ್ಟಿ ಕವರ್ ಹಾಕಲೇಬೇಕು. ದಾದರ್‌ನ ಒಂದು ತಳ್ಳಾಟ ಸಾಕು, ಅಂಚು ಬಿರಿಯಲು.

ಒಂದೆರಡು ತಿಂಗಳು ಆಡಿದ ಮೇಲೆ ಪ್ಯಾಡಲ್ ಇನ್ನೂ ತಿರುಗುತ್ತದೆ ಅನ್ನಿಸಿದರೆ ಹೊಸದು ಕೊಳ್ಳುವ ಮುಂಚೆ ತೂಕದ ಟೇಪು ಪ್ರಯತ್ನಿಸಿ. ಗಡಿಯಾರದ 3 ಮತ್ತು 9 ಇರುವ ಜಾಗದಲ್ಲಿ, ಅಂಚಿನ ಮೇಲೆ, ಒಂದೊಂದು ಬದಿಗೆ 2ರಿಂದ 3 ಗ್ರಾಂ ಅಂಟಿಸಿ. ಪ್ಯಾಡಲ್ ಗಟ್ಟಿ ನಿಲ್ಲುತ್ತದೆ. 12ರ ಜಾಗದಲ್ಲಿ ಅಂಟಿಸಿದರೆ ಜೋರು ಹೆಚ್ಚುತ್ತದೆ, ಕೈ ನಿಧಾನವಾಗುತ್ತದೆ. ಟಂಗ್‌ಸ್ಟನ್ ಟೇಪು ಸಿಕ್ಕರೆ ಅದನ್ನೇ ತಗೊಳ್ಳಿ. ಸೀಸದ್ದಾದರೆ ಮೇಲೆ ಇನ್ನೊಂದು ಟೇಪು ಮುಚ್ಚಿ, ಕೈ ತೊಳೆಯಿರಿ, ಮಕ್ಕಳ ಕೈಗೆ ಸಿಗದಂತೆ ಇಡಿ.

ಬದಲಿಸುವ ಹೊತ್ತು ಯಾವಾಗ? ತಿಕ್ಕಿದರೂ ತರಿ ವಾಪಸ್ ಬರದಿದ್ದಾಗ ಸ್ಪಿನ್ ಹೋಗಿದೆ ಅಂತ ಅರ್ಥ. ಸ್ಪಿನ್ ಬಳಸದವರು ಇನ್ನೂ ಬೇಕಾದಷ್ಟು ದಿನ ಆಡಬಹುದು. ಮುಖದ ಒಂದು ಜಾಗದಲ್ಲಿ ಮಾತ್ರ ಚೆಂಡು ಸತ್ತಂತೆ ಬಿದ್ದರೆ ಕೋರ್ ಹಾಳಾಗಿದೆ. ಇದ್ದಕ್ಕಿದ್ದಂತೆ ಪ್ಯಾಡಲ್ ಮೊದಲಿಗಿಂತ ಜೋರಾಗಿ, ಸದ್ದೂ ಬದಲಾಗಿ ಚೆಂಡು ಹಾರತೊಡಗಿದರೆ ಖುಷಿಪಡಬೇಡಿ. ಮುಖ ಕೋರ್‌ನಿಂದ ಬಿಟ್ಟಿರುವ ಲಕ್ಷಣ ಅದು. ಟೂರ್ನಮೆಂಟ್‌ನಲ್ಲಿ ಅಂಥ ಪ್ಯಾಡಲ್ ಬಳಸುವಂತಿಲ್ಲ, ಎದುರಿನವರ ಮುಖಕ್ಕೂ ಅಪಾಯ. ವಾರಂಟಿ ಇದ್ದರೆ ಬಿಲ್ ಹಿಡಿದು ಅಂಗಡಿಗೆ ಹೋಗಿ. ಇಲ್ಲದಿದ್ದರೆ ಅದನ್ನು ಹೊಸದಾಗಿ ಕಲಿಯುವವರಿಗೆ ದಾನ ಮಾಡಬೇಡಿ, ಗೋಡೆಗೆ ಹೊಡೆದು ಸರ್ವ್ ಅಭ್ಯಾಸ ಮಾಡಲು ಮನೆಯಲ್ಲೇ ಇಟ್ಟುಕೊಳ್ಳಿ.